ಸೊನ್ನೆ ಇಳಿತದ ವಿಮಾನ

ಆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ಕನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಆಕೆ ಚಿಕ್ಕಮ್ಮನಾಗಿದ್ದು ಒಬ್ಬನಿಗೆ ಮಾತ್ರ. ಅಲ್ಲಿ ವಿಮಾನ ಹಾರಿಸಲು ಕಲಿಸುತ್ತಿದ್ದ ತರಬೇತುದಾರ ಆಕೆಯ ಅಕ್ಕನ ಮಗ. ಅವನು ದಿನಕ್ಕೆ ನಲವತ್ತು ಸಲ, ವಿಮಾನ ನಿಲ್ಲಿಸುವ ಹ್ಯಾಂಗರಿನ ಆ ತುದಿಯಿಂದ ‘ಚಿಕ್ಕಮ್ಮಾ’ ಎಂದು ಕೂಗುವುದನ್ನು ಕೇಳಿ ಕೇಳಿ, ಕಲಿಯಲು ಬಂದವರಿಗೂ, ಪೆಟ್ರೋಲಿನ ಲಾರಿಯವನಿಗೂ, ಕೊನೆಗೆ ಆಕೆಗಿಂತ ಹದಿನೈದು ವರ್ಷ ದೊಡ್ಡವರಾದ ಅಧ್ಯಕ್ಷರಿಗೂ ಅದೇ ಬಾಯಿಗೆ ಬಂದುಬಿಟ್ಟಿತ್ತು. ಆಕೆಗೆ ಬೇಸರವೇನೂ ಇರಲಿಲ್ಲ. ಬಿಳಿಯದೊಂದು, ನೀಲಿಯದೊಂದು, ಎರಡು ಪುಟ್ಟ ವಿಮಾನಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳಿಗೆ ಹೆಸರಿನ ಚಿಂತೆ ಎಲ್ಲಿಂದ ಬರಬೇಕು?

ಅಧ್ಯಕ್ಷರು ವಿಮಾನ ಹಾರಿಸಿದವರಲ್ಲ. ಸಾರ್ವಜನಿಕರ ದೂರು ತೆಗೆದುಕೊಳ್ಳುವ ಕಚೇರಿಯೊಂದರಲ್ಲಿ ಮೇಲಧಿಕಾರಿಯಾಗಿದ್ದು ನಿವೃತ್ತರಾದವರು. ಅವರು ಆ ಕುರ್ಚಿಗೆ ಬಂದಾಗ ದಿನಕ್ಕೆ ಇನ್ನೂರು ದೂರು ಬರುತ್ತಿದ್ದವಂತೆ; ಬಿಟ್ಟು ಹೋಗುವಾಗ ಒಂದೂ ಇರಲಿಲ್ಲ. ದೂರಿನ ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಸಾಗಿಸಿ, ಲಿಫ್ಟನ್ನು ಎರಡನೆಯದರಲ್ಲೇ ನಿಲ್ಲಿಸಿ, ಉಳಿದ ಮೆಟ್ಟಿಲುಗಳಿಗೆ ಎರಡು ವರ್ಷ ಬಣ್ಣ ಹಚ್ಚಿಸಿ ಅವರು ಈ ಸಾಧನೆ ಮಾಡಿದ್ದರು. ಸೊನ್ನೆಯ ರುಚಿ ಹತ್ತಿದವರು ಬಿಡುವುದು ಕಷ್ಟ. ಕ್ಲಬ್ಬಿಗೆ ಬಂದ ವಾರದಲ್ಲೇ ಹ್ಯಾಂಗರಿನ ಬಾಗಿಲ ಮೇಲೆ ‘ದೋಷವಿಲ್ಲದ ದಿನಗಳು’ ಎಂಬ ದೊಡ್ಡ ಹಲಗೆ ತೂಗುಹಾಕಿಸಿದರು. ಅದಕ್ಕಾಗಿಯೇ ಒಂದು ಹೊಸ ರಿಜಿಸ್ಟರ್. ಅದರಲ್ಲಿ ಚಕ್ರ ಪಂಕ್ಚರ್ ಆದದ್ದು ‘ಗಾಳಿ ಬದಲಾವಣೆ’ ಆಯಿತು. ಎಣ್ಣೆ ಸೋರಿದ್ದು ‘ಎಣ್ಣೆಯ ಸಹಜ ಚಲನೆ’ ಆಯಿತು. ಕಿಟಕಿ ಮುಚ್ಚಿಕೊಳ್ಳದ ವಿಮಾನಕ್ಕೆ ‘ಹೆಚ್ಚುವರಿ ಗಾಳಿ ಸೌಲಭ್ಯ’ ಸಿಕ್ಕಿತು. ಚಿಕ್ಕಮ್ಮ ಮಾತ್ರ ವಿಮಾನದ ಸ್ವಂತ ಪುಸ್ತಕದಲ್ಲಿ, ಕಾನೂನು ಹೇಳಿದಂತೆ, ಸೋರಿಕೆಯನ್ನು ಸೋರಿಕೆ ಎಂದೇ ಬರೆದು ರಿಪೇರಿ ಮಾಡಿ ಸಹಿ ಹಾಕುತ್ತಿದ್ದಳು. ಆ ಪುಸ್ತಕವನ್ನು ಅಧ್ಯಕ್ಷರು ತೆರೆದು ನೋಡುತ್ತಿರಲಿಲ್ಲ, ಆದ್ದರಿಂದ ಇಬ್ಬರ ಸಂಸಾರವೂ ಸುಗಮವಾಗಿ ಸಾಗಿತ್ತು.

ಮುಂದಿನದು ತಿಳಿಯಬೇಕಾದರೆ ಮ್ಯಾಗ್ನೆಟೋ ಎಂದರೇನೆಂದು ಹೇಳಬೇಕು. ಸಣ್ಣ ವಿಮಾನದ ಇಂಜಿನ್ನಿಗೆ ಕಿಡಿ ಕೊಡುವ ಡಬ್ಬಿ ಅದು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎಡಕ್ಕೊಂದು, ಬಲಕ್ಕೊಂದು ಇಟ್ಟಿರುತ್ತಾರೆ. ಬ್ಯಾಟರಿಯ ಹಂಗಿಲ್ಲ; ಇಂಜಿನ್ ತಿರುಗಿದರೆ ಸಾಕು, ತಾವೇ ಕಿಡಿ ಹುಟ್ಟಿಸುತ್ತವೆ. ಹಾಗಾಗಿ ಕೀಲಿಯನ್ನು ಆಫ್ ಮಾಡುವುದೆಂದರೆ ಅವುಗಳಿಗೆ ಬರುವ ಕರೆಂಟು ತೆಗೆಯುವುದಲ್ಲ, ಒಂದೊಂದು ತಂತಿಯ ಮೂಲಕ ಅವುಗಳ ಬಾಯಿ ಮುಚ್ಚಿಸುವುದು. ಹಾರುವ ಮುಂಚೆ ಪೈಲಟ್ ಇಂಜಿನ್ನನ್ನು ನಿಮಿಷಕ್ಕೆ ಸಾವಿರದ ಏಳುನೂರು ಸುತ್ತಿಗೆ ಏರಿಸಿ, ಕೀಲಿಯನ್ನು ಬಲಕ್ಕೆ ತಿರುಗಿಸುತ್ತಾನೆ. ಆಗ ಎಡದ್ದು ಸುಮ್ಮನಾಗಿ ಬಲದ್ದೊಂದೇ ದುಡಿಯುತ್ತದೆ. ಸುತ್ತು ಎಪ್ಪತ್ತೋ ಎಂಬತ್ತೋ ಇಳಿಯುತ್ತದೆ. ಆಮೇಲೆ ಎಡಕ್ಕೆ ತಿರುಗಿಸಿ ಅದನ್ನೂ ಹಾಗೆಯೇ ನೋಡುತ್ತಾನೆ. ತೀರಾ ಇಳಿದರೆ ಎಲ್ಲೋ ಕಿಡಿ ಸರಿಯಿಲ್ಲ. ಹಿತವಾಗಿ ಇಳಿದರೆ ಎರಡೂ ಆರೋಗ್ಯವಾಗಿವೆ, ಹೇಳಿದ ಮಾತು ಕೇಳುತ್ತಿವೆ ಎಂದರ್ಥ.

ಈ ಇಳಿತವನ್ನು ಪ್ರತಿ ಹಾರಾಟಕ್ಕೂ ಒಂದು ಹಾಳೆಯಲ್ಲಿ ಬರೆಯುವ ರೂಢಿಯಿತ್ತು. ಒಂದು ದಿನ ಆ ಹಾಳೆಗಳ ಕಟ್ಟು ಅಧ್ಯಕ್ಷರ ಕೈಗೆ ಸಿಕ್ಕಿತು. ಮರುದಿನ ಪ್ರತಿ ಎಪ್ಪತ್ತಕ್ಕೂ ಎಂಬತ್ತಕ್ಕೂ ಕೆಂಪು ಪೆನ್ನಿನ ಸುತ್ತು ಬಿದ್ದಿತ್ತು. ಚಿಕ್ಕಮ್ಮನನ್ನೂ ತರಬೇತುದಾರನನ್ನೂ ತಮ್ಮ ಕೋಣೆಗೆ ಕರೆಸಿದರು.

“ಯಾಕೆ ಇಳೀತಿದೆ?” ಎಂದು ಕೇಳಿದರು.

“ಇಳೀಬೇಕು ಸರ್,” ಎಂದಳು ಚಿಕ್ಕಮ್ಮ. “ಎರಡು ಎತ್ತಲ್ಲಿ ಒಂದನ್ನ ಬಿಚ್ಚಿದ್ರೆ ಗಾಡಿ ಸ್ವಲ್ಪ ನಿಧಾನ ಆಗಲ್ವಾ? ಹಾಗೆ.”

“ನಾನು ಮೂವತ್ತೈದು ವರ್ಷ ಸರ್ವೀಸ್ ಮಾಡಿದ್ದೀನಿ. ಬೀಳೋದೇ ಗುಣ ಅಂತ ಹೇಳಿದೋರು ನೀವೇ ಮೊದಲು, ಚಿಕ್ಕಮ್ಮ.” ಅವರು ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದರು. “ವರ್ಷದ ಕೊನೆ ಹೊತ್ತಿಗೆ ಇದು ಸೊನ್ನೆ ಆಗ್ಬೇಕು. ತಿಂಗಳಿಗೆ ಹತ್ತು ಹತ್ತು ಇಳಿಸ್ತಾ ಬನ್ನಿ.”

“ಇಳಿತಾನ ಇಳಿಸೋದಾ ಸರ್?” ಎಂದು ತರಬೇತುದಾರ ವಿನಯದಿಂದ ಕೇಳಿದ.

“ಅದೇ,” ಎಂದರು ಅಧ್ಯಕ್ಷರು.

ವಿಚಿತ್ರವೆಂದರೆ ಇಳಿತ ಇಳಿಯತೊಡಗಿತು. ಮೊದಲ ತಿಂಗಳು ಅರವತ್ತು, ಆಮೇಲೆ ಐವತ್ತು, ಆಮೇಲೆ ನಲವತ್ತು. ಕೆಂಪು ಸುತ್ತುಗಳು ಸಣ್ಣವಾದವು. ಚಿಕ್ಕಮ್ಮನಿಗೆ ಅನುಮಾನ ಬಂದರೂ, ಹೊಸ ಪ್ಲಗ್ ಹಾಕಿದ್ದಕ್ಕೆ ಹೀಗಿರಬಹುದು ಎಂದುಕೊಂಡು ಸುಮ್ಮನಾದಳು.

ಹಲಗೆಯಲ್ಲಿ ಇನ್ನೂರ ಏಳನೆಯ ದಿನ, ಒಂದು ಸೋಮವಾರ ಬೆಳಿಗ್ಗೆ, ತರಬೇತುದಾರ ಬಿಳಿ ವಿಮಾನದಿಂದ ಇಳಿದು ನೇರ ಆಕೆಯ ಹತ್ತಿರ ಬಂದ. ಕೈಯಲ್ಲಿ ಹಾಳೆ ಇತ್ತು. ಎಡ: ಎಪ್ಪತ್ತು. ಬಲ: ಸೊನ್ನೆ.

“ಇದೇನೋ ಇದು?”

“ಬಂದಿದ್ದೇ ಇಷ್ಟು ಚಿಕ್ಕಮ್ಮ. ಬಲಕ್ಕೆ ತಿರುಗಿಸಿದ್ರೆ ಮುಳ್ಳು ಅಲ್ಲಾಡಲೇ ಇಲ್ಲ. ಮೂರು ಸಲ ನೋಡಿದೆ. ಹಾರಿಸಲಿಲ್ಲ, ವಾಪಸ್ ತಂದೆ.”

ಬಲಕ್ಕೆ ತಿರುಗಿಸಿದಾಗ ಎಡದ ಮ್ಯಾಗ್ನೆಟೋ ಬಾಯಿ ಮುಚ್ಚಬೇಕು. ಮುಚ್ಚುತ್ತಿಲ್ಲವೆಂದರೆ ಅದನ್ನು ಸುಮ್ಮನಾಗಿಸುವ ತಂತಿ ಎಲ್ಲೋ ಕಡಿದಿದೆ. ಅಂದರೆ ಕೀಲಿ ಜೇಬಿನಲ್ಲಿದ್ದರೂ ಆ ಇಂಜಿನ್ ಎಚ್ಚರವಾಗಿಯೇ ಇರುತ್ತದೆ. ಯಾರಾದರೂ ಪ್ರೊಪೆಲ್ಲರನ್ನು ಕೈಯಿಂದ ಒಂದಿಷ್ಟು ತಿರುಗಿಸಿದರೆ ಸಾಕು, ಕಿಡಿ ಹಾರಿ ಪ್ರೊಪೆಲ್ಲರ್ ಬೀಸಬಹುದು. ಕೈ ಹೋದವರನ್ನು ಆಕೆ ನೋಡಿದ್ದಳು. ಒಬ್ಬರನ್ನು ಮಾತ್ರ, ಅಷ್ಟು ಸಾಕಾಗಿತ್ತು.

ಆಕೆ ವಿಮಾನದ ಪುಸ್ತಕ ತೆಗೆದು ‘ಹಾರಾಟಕ್ಕೆ ಯೋಗ್ಯವಲ್ಲ, ಎಡ ಮ್ಯಾಗ್ನೆಟೋ ಆಫ್ ಆಗುತ್ತಿಲ್ಲ’ ಎಂದು ಬರೆದು, ಪ್ರೊಪೆಲ್ಲರಿಗೆ ‘ಮುಟ್ಟಬೇಡಿ’ ಎಂಬ ಕೆಂಪು ಫಲಕ ಕಟ್ಟಿ, ಸ್ಪ್ಯಾನರಿಗೆ ಕೈ ಹಾಕುವಷ್ಟರಲ್ಲಿ ಅಧ್ಯಕ್ಷರು ಹ್ಯಾಂಗರಿಗೆ ಬಂದರು. ಹಾಳೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಸಾಧಿಸಿಬಿಟ್ರಲ್ಲ,” ಎಂದರು.

“ಸರ್, ಇದು ದೋಷ.”

“ಸೊನ್ನೆ ಹೇಗೆ ದೋಷ ಆಗುತ್ತೆ?”

“ಕೂತ್ಕೊಳ್ಳಿ, ತೋರಿಸ್ತೀನಿ.”

ಆಕೆ ಫಲಕ ಬಿಚ್ಚಿ, ಚಕ್ರಗಳಿಗೆ ಅಡ್ಡಮರ ಕೊಟ್ಟು, ಅವರನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತು ಇಂಜಿನ್ ಶುರು ಮಾಡಿದಳು. ಸುತ್ತನ್ನು ತೀರಾ ಕೆಳಗಿಳಿಸಿದಳು. “ಈಗ ನೀವೇ ಕೀಲಿ ಆಫ್ ಮಾಡಿ ಸರ್.” ಅಧ್ಯಕ್ಷರು ಆಫ್ ಮಾಡಿದರು. ಇಂಜಿನ್ ಏನೂ ಆಗದವರಂತೆ ತನ್ನ ಪಾಡಿಗೆ ಗುಡುಗುಡು ಎನ್ನುತ್ತಲೇ ಇತ್ತು.

“ನೋಡಿದ್ರಾ? ನಿಲ್ಲಬೇಕಿತ್ತು, ನಿಲ್ತಿಲ್ಲ.”

ಅಧ್ಯಕ್ಷರು ಬಹಳ ಹೊತ್ತು ಪ್ರೊಪೆಲ್ಲರನ್ನೇ ನೋಡಿದರು. “ಆಫ್ ಮಾಡಿದ್ರೂ ಕೆಲಸ ಬಿಡ್ತಿಲ್ಲ,” ಎಂದರು ಮೆಲ್ಲಗೆ. “ಇಂಥ ಸಿಬ್ಬಂದಿ ನನಗೆ ಇಡೀ ಸರ್ವೀಸಲ್ಲಿ ಸಿಗಲಿಲ್ಲ.”

ಚಿಕ್ಕಮ್ಮ ಇಂಧನದ ಕೆಂಪು ಗುಬುಟು ಎಳೆದು ಇಂಜಿನ್ ನಿಲ್ಲಿಸಿದಳು. ಕೀಲಿಯ ಕಥೆ, ತಂತಿಯ ಕಥೆ, ಕೈ ಹೋದವನ ಕಥೆ ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ಕೇಳಿಸಿಕೊಂಡರು. ಆದರೆ ಶನಿವಾರ ಕ್ಲಬ್ಬುಗಳ ಒಕ್ಕೂಟದಿಂದ ಹಿರಿಯರೊಬ್ಬರು ‘ದೋಷರಹಿತ ಕ್ಲಬ್’ ಫಲಕ ಕೊಡಲು ಬರುವವರಿದ್ದರು. ಅವರ ಮುಂದೆ ಈ ಸೊನ್ನೆಯನ್ನು ಪ್ರತ್ಯಕ್ಷ ತೋರಿಸಬೇಕೆಂದು ಅಧ್ಯಕ್ಷರು ಆಗಲೇ ತೀರ್ಮಾನಿಸಿಯಾಗಿತ್ತು.

“ಹಾರಿಸೋದು ಬೇಡ. ನೆಲದ ಮೇಲೆ ತೋರಿಸಿದ್ರೆ ಸಾಕು. ಅಲ್ಲಿವರೆಗೂ ಯಾರೂ ಇಂಜಿನ್ ಮುಟ್ಟಕೂಡದು. ನೀವು ರಿಪೇರಿ ಅಂತ ಕೈ ಹಾಕಿದ್ರೆ ಮತ್ತೆ ಎಪ್ಪತ್ತು ಬಂದುಬಿಡುತ್ತೆ.”

“ಬರಲಿ ಅಂತಾನೇ ಸರ್ ರಿಪೇರಿ.”

“ಕೆಡಿಸೋಕೆ ರಿಪೇರಿ ಅಂತ ಹೆಸರು ಇಟ್ಕೋಬೇಡಿ.”

ಸಂಜೆಯೊಳಗೆ ಉಪಕರಣಗಳ ಬೀರುವಿಗೆ ಹೊಸ ಬೀಗ ಬಿತ್ತು. ಅದರ ಕೀಲಿ ಅಧ್ಯಕ್ಷರ ಜೇಬು ಸೇರಿತು. ಇಂಜಿನ್ನಿನ ಮೇಲ್ಮುಚ್ಚಳದ ಸಂದಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅವರು ತಾರೀಖು ಹಾಕಿ ಸಹಿ ಮಾಡಿದರು.

ಆ ಸಂಜೆ ಚಿಕ್ಕಮ್ಮ ಅಕ್ಕನ ಮನೆಗೆ ಹೋದಳು. ಎರಡು ಬೀದಿ ಆಚೆ, ಅಷ್ಟೇ. ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಮಗ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮೂವತ್ತನಾಲ್ಕು ವರ್ಷದ ಗಂಡಸು ಅಮ್ಮನ ಮುಂದೆ ಹಾಗೆ ಕೂತಿದ್ದಾನೆಂದರೆ ಆಗಲೇ ಒಂದು ಸುತ್ತು ವಿಚಾರಣೆ ಮುಗಿದಿದೆ ಎಂದು ಚಿಕ್ಕಮ್ಮನಿಗೆ ಗೊತ್ತಾಯಿತು.

“ಅವರು ಸೊನ್ನೆ ಕೇಳಿದ್ರು ಅಂತ ನೀನು ಸೊನ್ನೆ ಬರೆದ್ಯಾ?” ಎಂದು ಅಕ್ಕ ಕೇಳುತ್ತಿದ್ದಳು.

“ಇಲ್ಲಮ್ಮ. ಇವತ್ತಿನ ಸೊನ್ನೆ ನಿಜ.”

“ಇವತ್ತಿಂದು ಅಂದ್ರೆ? ಹಾಗಾದ್ರೆ ನಿನ್ನೆ ಮೊನ್ನೆದು?”

ಅಕ್ಕ ಚಾಕು ಕೆಳಗಿಟ್ಟಳು. ಆಗ ಮಗ ಬಾಯಿ ಬಿಟ್ಟ. ಎಪ್ಪತ್ತಕ್ಕೆ ಐವತ್ತು, ಎಂಬತ್ತಕ್ಕೆ ನಲವತ್ತು ಎಂದು, ಬರಬರುತ್ತ ಮುಳ್ಳನ್ನೂ ಅರೆಬರೆ ನೋಡಿ, ಮೂರು ತಿಂಗಳಿಂದ ಅಧ್ಯಕ್ಷರಿಗೆ ಹಿತವಾಗುವ ಅಂಕಿ ಬರೆಯುತ್ತಿದ್ದ. “ದಿನಾ ಕರೆಸಿ ನಿಲ್ಲಿಸಿ ಕೇಳೋರು ಅಮ್ಮ. ಬರೆದ್ರೆ ಕೇಳ್ತಿರಲಿಲ್ಲ. ಇವತ್ತು ನಿಜ ಬರೆದೆ, ಅದನ್ನೇ ಚೌಕಟ್ಟು ಹಾಕಿಸ್ತೀನಿ ಅಂತಿದ್ದಾರೆ.”

ಚಿಕ್ಕಮ್ಮ ಅಕ್ಕ ಕೆಳಗಿಟ್ಟ ಚಾಕು ತೆಗೆದುಕೊಂಡು ತರಕಾರಿ ಹೆಚ್ಚತೊಡಗಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

“ಆ ಬೀಗ ಒಡೆದು ಸರಿಮಾಡೇ,” ಎಂದಳು ಅಕ್ಕ ತಂಗಿಗೆ. “ನಿನಗ್ಯಾಕೆ ಅಷ್ಟು ಭಯ?”

“ಭಯ ಅಲ್ಲ ಕಣೆ,” ಎಂದಳು ಚಿಕ್ಕಮ್ಮ. ಆದರೆ ಭಯವೇ ಆಗಿತ್ತು. ಆಕೆಯ ಲೈಸೆನ್ಸಿನ ನವೀಕರಣಕ್ಕೆ ಅಧ್ಯಕ್ಷರ ಸಹಿ ಬೇಕಿತ್ತು, ಅದೂ ಅದೇ ತಿಂಗಳು.

“ಶನಿವಾರ ಕಾರ್ಯಕ್ರಮ ಮುಗಿದ ತಕ್ಷಣ ಬಿಚ್ಚೋಣ ಚಿಕ್ಕಮ್ಮ,” ಎಂದ ತರಬೇತುದಾರ. “ಅಲ್ಲಿವರೆಗೂ ಪ್ರೊಪೆಲ್ಲರ್ ಹತ್ರ ಒಂದು ನೊಣಾನೂ ಬಿಡಲ್ಲ. ನಾನೇ ನಿಂತಿರ್ತೀನಿ.”

ಆಕೆ ಹೂಂ ಎಂದಳು. ಆಮೇಲೆ ಆ ಹೂಂ ನೆನೆದು ಆಕೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಿಳಿ ವಿಮಾನವನ್ನು ತೊಳೆದು ಹೊರಗೆ ತಂದು ನಿಲ್ಲಿಸಿದರು. ಚಿಕ್ಕಮ್ಮ ಮತ್ತೆ ಕಟ್ಟಿದ್ದ ಕೆಂಪು ಫಲಕವನ್ನು, ಫೋಟೋದಲ್ಲಿ ಅಪಶಕುನದಂತೆ ಕಾಣುತ್ತದೆಂದು, ಅಧ್ಯಕ್ಷರೇ ಬಿಚ್ಚಿಸಿದರು. ಒಕ್ಕೂಟದ ಹಿರಿಯರು ಬಂದರು. ಎಂಬತ್ತರ ಹತ್ತಿರದ ಸಣಕಲು ದೇಹ, ಕಿವಿಯಲ್ಲಿ ಯಂತ್ರ. ಮೂರು ಭಾಷಣ ಆಗುವವರೆಗೂ ಅವರು ಆ ಯಂತ್ರವನ್ನು ಆಫ್ ಮಾಡಿಕೊಂಡು ಕೂತಿದ್ದರು. ಅದು ಆಫ್ ಮಾಡಿದರೆ ಆಫ್ ಆಗುತ್ತಿತ್ತು.

ತರಬೇತುದಾರ ಒಳಗೆ ಕೂತು ಇಂಜಿನ್ ಶುರು ಮಾಡಿ ಸುತ್ತು ಏರಿಸಿದ. ಅಧ್ಯಕ್ಷರು ಮೈಕಿನಲ್ಲಿ ವಿವರಿಸಿದರು: “ಈಗ ಬಲಕ್ಕೆ. ನೋಡಿ, ಇಳಿತ ಸೊನ್ನೆ.” ಏನೂ ಬದಲಾಗದ ಸದ್ದನ್ನು ಕೇಳಿ ಜನ ಚಪ್ಪಾಳೆ ತಟ್ಟಿದರು. “ಎಡದ್ದೂ ಮುಂದಿನ ವರ್ಷದೊಳಗೆ,” ಎಂದು ಅವರು ಭರವಸೆ ಕೊಟ್ಟರು. ತರಬೇತುದಾರ ಕೆಂಪು ಗುಬುಟು ಎಳೆದು ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ, ಮಾತು ಕೊಟ್ಟಂತೆ ಪ್ರೊಪೆಲ್ಲರಿನ ಪಕ್ಕ ಬಂದು ನಿಂತ.

ಫಲಕ ಪ್ರದಾನವಾಯಿತು. ಆಮೇಲೆ ಫೋಟೋ. ಮೊದಲನೆಯದು ಪೈಲಟ್ಟಿನ ಸೀಟಿನಲ್ಲಿ. ಸುಮ್ಮನೆ ಕೂತರೆ ಜೀವಂತಿಕೆ ಇರುವುದಿಲ್ಲ, ಏನಾದರೂ ಮಾಡುತ್ತಿರಿ ಎಂದ ಫೋಟೋಗ್ರಾಫರ್. ಅಧ್ಯಕ್ಷರು ಕೈಗೆ ಸಿಕ್ಕಿದ್ದನ್ನು ಒತ್ತಿದರು, ಎಳೆದರು. ಅದರಲ್ಲಿ ಒಂದು, ತಣ್ಣಗಿರುವ ಇಂಜಿನ್ನಿಗೆ ಒಂದಿಷ್ಟು ಪೆಟ್ರೋಲ್ ಚಿಮ್ಮಿಸುವ ಪುಟ್ಟ ಪಂಪು. ಅದನ್ನು ಅವರು ಆರೇಳು ಸಲ ಎಳೆದು ಒತ್ತಿದರು, ಮುಗುಳ್ನಗುತ್ತ. ದೂರದಲ್ಲಿ ಕುರ್ಚಿಗಳ ಹಿಂದೆ ನಿಂತಿದ್ದ ಚಿಕ್ಕಮ್ಮನಿಗೆ ಅವರ ಭುಜ ಹಿಂದೆ ಮುಂದೆ ಆಡುವುದಷ್ಟೇ ಕಾಣಿಸಿತು. ಆಕೆಗೆ ಅಷ್ಟೇ ಸಾಕಾಯಿತು. ಆಕೆ ಕುರ್ಚಿಗಳನ್ನು ಸರಿಸುತ್ತ ಮುಂದೆ ಬರತೊಡಗಿದಳು.

ಅಧ್ಯಕ್ಷರು ಕೆಳಗಿಳಿದು, ಫಲಕವನ್ನು ಎಡಗೈಯಲ್ಲಿ ಮುಂದೆ ಚಾಚಿ ಹಿಡಿದು, ಬಲಗೈಯನ್ನು ಪ್ರೊಪೆಲ್ಲರಿನ ಮೇಲಿಟ್ಟರು.

“ಸರ್, ಮುಟ್ಟಬೇಡಿ,” ಎಂದ ತರಬೇತುದಾರ.

“ಕೀಲಿ ನಿನ್ನ ಜೇಬಲ್ಲಿದೆಯಲ್ಲಪ್ಪ.”

“ಇದ್ರೂ ಮುಟ್ಟಬೇಡಿ ಸರ್.”

“ಸರ್, ಅದು ಸ್ವಲ್ಪ ಸೊಟ್ಟ ಇದೆ,” ಎಂದ ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ. “ನೇರ ಮಾಡಿ.”

ಅಧ್ಯಕ್ಷರು ಅಡಿಯಿಂದ ಮುಡಿಯವರೆಗೆ ಎಲ್ಲವನ್ನೂ ನೇರ ಇಡುವ ಮನುಷ್ಯ. ಪ್ರೊಪೆಲ್ಲರನ್ನು ಕೆಳಗೆ ಎಳೆದರು. ಇಂಜಿನ್ನಿನೊಳಗೆ ಟಿಕ್ ಎಂದು ಒಂದು ಸಣ್ಣ ಸದ್ದಾಯಿತು. ಆ ಸದ್ದಿಗೆ ಮುಂಚೆಯೇ ತರಬೇತುದಾರ ಅವರ ಕೋಟಿನ ಕಾಲರಿಗೂ ಸೊಂಟದ ಬೆಲ್ಟಿಗೂ ಕೈ ಹಾಕಿ ಗೋಣಿಚೀಲ ಎಳೆದಂತೆ ಹಿಂದಕ್ಕೆಳೆದಿದ್ದ. ಪ್ರೊಪೆಲ್ಲರ್ ಢಬ್ ಎಂದು ಬೀಸಿ ಒಂದೂವರೆ ಸುತ್ತು ಹೊಡೆದು ನಿಂತಿತು. ಫಲಕ ಎರಡು ತುಂಡಾಯಿತು. ‘ದೋಷ’ ಎಂದಿದ್ದ ಅರ್ಧ ಅಧ್ಯಕ್ಷರ ಕೈಯಲ್ಲೇ ಉಳಿಯಿತು, ‘ರಹಿತ’ ಎಂದಿದ್ದ ಅರ್ಧ ಹಾರಿ ಹುಲ್ಲಿನಲ್ಲಿ ಬಿತ್ತು. ತರಬೇತುದಾರ ಕೆಳಗೆ, ಅಧ್ಯಕ್ಷರು ಅವನ ಮೇಲೆ. ಯಾರಿಗೂ ಗೀರು ಕೂಡ ಆಗಲಿಲ್ಲ.

ಒಕ್ಕೂಟದ ಹಿರಿಯರು ಎದ್ದು, ಕಿವಿಯ ಯಂತ್ರ ಆನ್ ಮಾಡಿಕೊಂಡು, ಮೆಲ್ಲಗೆ ನಡೆದು ಬಂದರು.

“ಕೀಲಿ ಎಲ್ಲಿದೆ?”

ಕೆಳಗೆ ಬಿದ್ದಲ್ಲಿಂದಲೇ ತರಬೇತುದಾರ ಜೇಬಿನಿಂದ ತೆಗೆದು ತೋರಿಸಿದ.

“ಅಂದ್ರೆ ಆ ಸೊನ್ನೆ ಇದಾ,” ಎಂದರು ಹಿರಿಯರು. “ಎಷ್ಟು ದಿನದಿಂದ?”

“ಸೋಮವಾರದಿಂದ. ಪುಸ್ತಕದಲ್ಲಿ ಬರೆದಿದ್ದೀನಿ,” ಎಂದಳು ಚಿಕ್ಕಮ್ಮ ಏದುಸಿರು ಬಿಡುತ್ತ.

“ಸರಿ. ಬಿಚ್ಚಿ ನೋಡೋಣ.”

ಅಧ್ಯಕ್ಷರು ಎದ್ದು ಕೂತಿದ್ದರು. “ಆ ಚೀಟಿ ಮೇಲೆ ನನ್ನ ಸಹಿ ಇದೆ,” ಎಂದರು ಕ್ಷೀಣ ದನಿಯಲ್ಲಿ.

“ಇರಲಿ ಬಿಡಿ. ಚೀಟಿ ತೆಳ್ಳಗಿದೆ,” ಎಂದು ಹಿರಿಯರು ಅದನ್ನು ಉಗುರಿನಿಂದಲೇ ಹರಿದರು.

ಬೀರುವಿನ ಕೀಲಿಯನ್ನು ಅಧ್ಯಕ್ಷರು ತಾವಾಗಿಯೇ ಕೊಟ್ಟರು. ಚಿಕ್ಕಮ್ಮ ಮೊದಲು ಎಲ್ಲ ಪ್ಲಗ್ಗುಗಳ ತಂತಿ ಬಿಚ್ಚಿ ಇಂಜಿನ್ನಿನ ಹಲ್ಲು ಕಿತ್ತಳು. ಆಮೇಲೆ ಮುಚ್ಚಳ ತೆಗೆದು ಎಡದ ಮ್ಯಾಗ್ನೆಟೋದ ಹಿಂಬದಿಗೆ ಬೆರಳು ಹಾಕಿದಳು. ಸುಮ್ಮನಾಗಿಸುವ ತಂತಿ ಬುಡದಲ್ಲೇ ಕಡಿದು ನೇತಾಡುತ್ತಿತ್ತು. ಹೊಸ ತುದಿ ಕಚ್ಚಿಸಿ ಬಿಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಧ್ಯಕ್ಷರು ಆ ಕಡಿದ ಚೂರನ್ನು ಕೇಳಿ ಇಸಿದುಕೊಂಡು ಅಂಗೈಯಲ್ಲಿಟ್ಟು ನೋಡಿದರು. ಬೆರಳಿನ ಉಗುರಿನಷ್ಟೂ ಉದ್ದವಿರಲಿಲ್ಲ.

“ಚಿಕ್ಕಮ್ಮ, ನೀವು ಹೇಳಿದ್ರಿ,” ಎಂದರು.

“ಹೇಳಿದ್ದೆ ಸರ್. ಇನ್ನೂ ಜೋರಾಗಿ ಹೇಳಬೇಕಿತ್ತು.”

ಆ ಒಂದು ಗಳಿಗೆ ಇಬ್ಬರೂ ಮನುಷ್ಯರಂತೆಯೇ ಮಾತಾಡಿದರು. ಸೋಮವಾರದ ಹೊತ್ತಿಗೆ ಅಧ್ಯಕ್ಷರು ಚೇತರಿಸಿಕೊಂಡಿದ್ದರು. ರಿಜಿಸ್ಟರಿನಲ್ಲಿ ‘ಪ್ರೊಪೆಲ್ಲರಿನ ಅತ್ಯುತ್ಸಾಹ’ ಎಂದು ನಮೂದಾಗಿತ್ತು. ಹಲಗೆಯ ಅಂಕಿಯನ್ನು ಸೊನ್ನೆಗೆ ತರಬೇಕೇ ಎಂದು ತರಬೇತುದಾರ ಕೇಳಿದಾಗ ಅವರು ಬೇಡ ಎಂದರು. ಅವರಿಗೆ ಇಷ್ಟವಾಗದ ಸೊನ್ನೆ ಅದೊಂದೇ. ಚಿಕ್ಕಮ್ಮನಿಗೆ ‘ಅಪಾಯದ ಗಂಭೀರತೆಯನ್ನು ಸಕಾಲದಲ್ಲಿ ಮನವರಿಕೆ ಮಾಡಿಕೊಡದಿರಲು ಕಾರಣವೇನು’ ಎಂದು ನೋಟಿಸ್ ಬಂತು. ಆಕೆ ಪುಸ್ತಕದ ಆ ಪುಟದ ಒಂದು ಪ್ರತಿ ತೆಗೆದು ಉತ್ತರವೆಂದು ಕಳಿಸಿದಳು, ಜೊತೆಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ.

ಒಕ್ಕೂಟವೂ ಸುಮ್ಮನೆ ಕೂರಲಿಲ್ಲ. ಆ ಹಿರಿಯರು ಕಟುವಾಗಿ ವರದಿ ಬರೆದರು. ಅದನ್ನು ಓದಿದ ಸಮಿತಿ, ಪ್ರೊಪೆಲ್ಲರ್ ಅಪಾಯದ ವಿಷಯದಲ್ಲಿ ಇಷ್ಟು ಹತ್ತಿರದ ಅನುಭವ ಇರುವವರು ಇನ್ನೊಬ್ಬರಿಲ್ಲವೆಂದು ಮನಗಂಡು, ಅಧ್ಯಕ್ಷರನ್ನು ಎಲ್ಲ ಕ್ಲಬ್ಬುಗಳಿಗೂ ಸುರಕ್ಷತಾ ಸಲಹೆಗಾರರನ್ನಾಗಿ ನೇಮಿಸಿತು. ಅವರು ಊರೂರು ತಿರುಗಿ ಉಪನ್ಯಾಸ ಕೊಡತೊಡಗಿದರು. ಅವರ ಮೊದಲ ಸುತ್ತೋಲೆ ಎರಡೇ ವಾರದಲ್ಲಿ ಬಂತು: ಇಳಿತ ಇಲ್ಲದಿರುವುದು ಅಪಾಯಕಾರಿಯೆಂದು ಸಾಬೀತಾಗಿರುವುದರಿಂದ, ಇನ್ನು ಮುಂದೆ ಪ್ರತಿ ವಿಮಾನವೂ ಕನಿಷ್ಠ ನೂರು ಸುತ್ತು ಇಳಿಯತಕ್ಕದ್ದು, ಹೆಚ್ಚು ಇಳಿಸಿದ ಕ್ಲಬ್ಬಿಗೆ ಬಹುಮಾನ.

ಸುತ್ತೋಲೆ ಬಂದ ದಿನ ತರಬೇತುದಾರ ಬಿಳಿ ವಿಮಾನದ ಹಾಳೆಯಲ್ಲಿ ಎಪ್ಪತ್ತು, ಎಂಬತ್ತು ಎಂದು ಬರೆದ. ಫೋನಿನಲ್ಲಿ ಸಲಹೆಗಾರರ ದನಿ ಕೇಳಿತು: “ಯಾಕಪ್ಪ ಇಷ್ಟು ಕಡಿಮೆ?”

“ಬಿದ್ದಿದ್ದೇ ಅಷ್ಟು ಸರ್. ನಾನು ತಳ್ಳಲಿಲ್ಲ,” ಎಂದ ಅವನು.

ಆದರೆ ಚಿಕ್ಕಮ್ಮನಿಗೆ ಕೆಲಸ ಇನ್ನೂ ಮುಗಿದಿರಲಿಲ್ಲ. ಮೂರು ತಿಂಗಳ ಹಾಳೆಗಳು ಆಕೆಯ ಪಾಲಿಗೆ ರದ್ದಿಯಾಗಿದ್ದವು. ಯಾವ ಸಿಲಿಂಡರ್ ಯಾವಾಗಿನಿಂದ ಸೊರಗುತ್ತಿದೆ ಎಂದು ಅವುಗಳಿಂದ ತಿಳಿಯುವಂತಿರಲಿಲ್ಲ. ಆ ಭಾನುವಾರ ಹಾರಾಟ ನಿಲ್ಲಿಸಿ ಎರಡೂ ವಿಮಾನದ ಹದಿನಾರು ಪ್ಲಗ್ಗುಗಳನ್ನೂ ಬಿಚ್ಚಿ ಹಳೆಯ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ತರಬೇತುದಾರ ಎದುರು ಕೂತ. ನೀಲಿ ವಿಮಾನದ ಎರಡು ಪ್ಲಗ್ಗುಗಳು ಕಪ್ಪು ಕಟ್ಟಿ ಅರ್ಧ ಸತ್ತಿದ್ದವು. ಆಕೆ ಅವೆರಡನ್ನೂ ಅವನ ಮುಂದೆ ಬೇರೆ ಇಟ್ಟಳು.

“ಇವು ಯಾವ ತಿಂಗಳಿಂದ ಹೀಗಿವೆ, ಹೇಳು ನೋಡೋಣ.”

ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. “ಗೊತ್ತಿಲ್ಲ ಚಿಕ್ಕಮ್ಮ.”

“ಮೂರು ತಿಂಗಳಲ್ಲಿ ಆ ವಿಮಾನದಲ್ಲಿ ಎಷ್ಟು ಜನ ಹಾರಿದ್ದಾರೆ?”

ಅವನು ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ನೆನೆಯುತ್ತ ಹೋದ. ಒಂದು ಹಂತದಲ್ಲಿ ನೆನೆಯುವುದನ್ನು ನಿಲ್ಲಿಸಿದ. ಚಿಕ್ಕಮ್ಮ ತಂತಿಯ ಬ್ರಷ್ಷನ್ನು ಅವನ ಕಡೆ ಸರಿಸಿದಳು. ಅವನು ತೋಳು ಮಡಚಿಕೊಂಡು ಉಳಿದ ಹದಿನಾಲ್ಕನ್ನು ಉಜ್ಜಲು ಶುರು ಮಾಡಿದ.